ಎರಡು ಸಾವಿರದ ಕಾರು

ಸಿದ್ದಮಲ್ಲಪ್ಪನವರು ಗೆಲ್ಲಬೇಕೆಂದು ಆ ವರ್ಷ ಕೊಳ್ಳೇಗಾಲದಲ್ಲಿ ನನ್ನಷ್ಟು ಆಸೆಪಟ್ಟವರು ಇನ್ನೊಬ್ಬರಿರಲಿಲ್ಲ. ಅವರ ಹೆಂಡತಿ ಗುರುಬಸಮ್ಮನವರು ಕೂಡ ಅಷ್ಟು ಹರಕೆ ಹೊತ್ತಿರಲಾರರು.

ಓಟ ಸಂಕ್ರಾಂತಿ ಕಳೆದ ಮೊದಲ ಭಾನುವಾರ. ನಡೆಸುತ್ತಿದ್ದುದು ನಮ್ಮೂರಿನ ಮೋಟಾರು ಸಂಘ. ಬೆಳಗ್ಗೆ ಆರಕ್ಕೆ ಸಂತೆಮಾಳದಿಂದ ಹೊರಟು ಹನೂರಿಗೆ ಹೋಗಿ ಕೊಳ್ಳೇಗಾಲಕ್ಕೆ ಹಿಂದಿರುಗಬೇಕು. ಹಾಗೆಯೇ ಮುಂದುವರಿದು, ಗಡಿ ದಾಟಿ, ಯಳಂದೂರಿಗೆ ಹೋಗಿ ಬರಬೇಕು. ಅದು ಒಂದು ಸುತ್ತು. ಅಂಥ ಐದು ಸುತ್ತನ್ನು ಮೊದಲು ಮುಗಿಸಿದವರಿಗೆ ಬೆಳ್ಳಿಯ ಕಪ್. ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಮದರಾಸಿನ ಪಾನನಿರೋಧದಿಂದಾಗಿ ದಿನವೂ ಬಸ್ಸು ನಿಲ್ಲಿಸಿ ಹೆಂಡದ ಬಾಟಲಿ ಹುಡುಕುವ ಗಡಿಚೌಕಿಯ ಪೊಲೀಸರು ಅವತ್ತೊಂದು ದಿನ ಅಡ್ಡಗಂಬ ಎತ್ತಿಟ್ಟು ತಾವೂ ಓಟ ನೋಡುತ್ತಿದ್ದರು.

ನಿಯಮಗಳನ್ನು ಬರೆದವರು ಸಂಘದ ಕಾರ್ಯದರ್ಶಿ, ನಿವೃತ್ತ ಓವರ್‌ಸಿಯರ್ ಕೆಂಚಯ್ಯನವರು. ಕಂಟ್ರಾಕ್ಟರುಗಳ ಬಿಲ್ಲು ನೋಡಿಯೇ ತಲೆ ನರೆತವರು. ಬಿಲ್ಲಿನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಕಾರಿನ ಬೆಲೆ, ಅದಕ್ಕೆ ಹಾಕಿದ ಹೊಸ ಸಾಮಾನಿನ ಬೆಲೆ ಎಲ್ಲ ಸೇರಿ ಎರಡು ಸಾವಿರ ರೂಪಾಯಿ ಮೀರಬಾರದು. ಸ್ವಂತ ಕೈಗೆಲಸಕ್ಕೆ ಬೆಲೆ ಕಟ್ಟುವುದಿಲ್ಲ. ಪೆಟ್ರೋಲು ಪ್ರತಿ ಕಾರಿಗೂ ಹದಿನೆಂಟು ಗ್ಯಾಲನ್, ಹೆಚ್ಚು ಕೊಳ್ಳುವಂತಿಲ್ಲ. ಇವೆಲ್ಲ ಸರಿ. ಒಂಬತ್ತನೆಯ ನಿಯಮ ಮಾತ್ರ ಬೇರೆ ಥರದ್ದು. ಓಟ ಮುಗಿಸಿದ ಯಾವ ಸ್ಪರ್ಧಿಯಾದರೂ ಗೆದ್ದ ಕಾರನ್ನು, ಅದು ಗೆರೆ ದಾಟಿ ನಿಂತ ಸ್ಥಿತಿಯಲ್ಲೇ, ಎರಡು ಸಾವಿರ ಕೊಟ್ಟು ಕೊಂಡುಕೊಳ್ಳಬಹುದು. ಕಾರಿನವರು ಕೊಡಲೇಬೇಕು. ಕೊಡುವುದಿಲ್ಲ ಎಂದರೆ, ಮಿತಿ ಮೀರಿ ಖರ್ಚು ಮಾಡಿದ್ದೇನೆಂದು ಎಲ್ಲರೆದುರು ಒಪ್ಪಿಕೊಂಡು, ಕಪ್ ಇಟ್ಟು, ಸಂಘ ಬಿಟ್ಟು ಹೋಗಬೇಕು. ಕದ್ದು ನಾಲ್ಕು ಸಾವಿರ ಸುರಿದವನಿಗೆ ಕಾರು ಎರಡೇ ಸಾವಿರಕ್ಕೆ ಕೈಬಿಟ್ಟೀತೆಂಬ ಹೆದರಿಕೆ ಇರಲಿ ಎಂಬುದು ಕೆಂಚಯ್ಯನವರ ಎಣಿಕೆ. ಹಣವಿಲ್ಲದೆ ಬರಿಯ ಕೈಯಿಂದ ಎದ್ದ ಕಾರಿಗೆ ಈ ನಿಯಮ ಏನು ಮಾಡೀತೆಂದು ಅವರು ಯೋಚಿಸಿರಲಿಲ್ಲ.

ಅದು ನನ್ನ ಅಪ್ಪನ ಕಾರಿಗೆ ಆಯಿತು.

ಅಪ್ಪ ಕೆಂಪನಂಜಪ್ಪ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಗ್ಯಾರೇಜು ಇಟ್ಟಿದ್ದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಫೋರ್ಡು ತಂದು ಆರು ವರ್ಷ ಅದರ ಜೊತೆ ಬದುಕಿದರು. ಬಲ ಹೆಚ್ಚಲೆಂದು ಎಂಜಿನ್ನಿನ ಎರಡು ಹೆಡ್ಡುಗಳನ್ನು, ಅಂದರೆ ಮೇಲಿನ ಕಬ್ಬಿಣದ ಮುಚ್ಚಳಗಳನ್ನು, ಅರ ಹಿಡಿದು ಉಜ್ಜಿಯೇ ತೆಳ್ಳಗೆ ಮಾಡಿದರು. ಗಾಜಿನ ಹಲಗೆಗೆ ದೀಪದ ಮಸಿ ಬಳಿಯುವುದು, ಹೆಡ್ಡನ್ನು ಅದರ ಮೇಲೆ ಮಗುಚುವುದು, ಮಸಿ ಹತ್ತಿದ ಕಡೆ ಮಾತ್ರ ಉಜ್ಜುವುದು, ಮತ್ತೆ ಮಸಿ ಬಳಿಯುವುದು. ನಾನು ಮೈಸೂರಿನ ಕಾಲೇಜಿಗೆ ಹೊರಟಾಗ ಶುರುಮಾಡಿದ ಹೆಡ್ಡು, ಬಿ.ಎ. ಮುಗಿಸಿ ಬಂದಾಗ ಮುಗಿದಿತ್ತು. ಕಾರಿಗೆ ತಗುಲಿದ ಖರ್ಚು ಹದಿನಾಲ್ಕು ನೂರು. ಐವತ್ತೆರಡರ ಮೊದಲ ಓಟದಲ್ಲಿ ಅದು ಎಲ್ಲರಿಗಿಂತ ಮುಕ್ಕಾಲು ಗಂಟೆ ಮೊದಲು ಬಂತು.

ಆ ಸಲ ಮೂರನೆಯವರಾಗಿ ಬಂದವರು ಸಿದ್ದಮಲ್ಲಪ್ಪ. ಮೂರು ಬಸ್ಸಿನ ಒಡೆಯರು, ರೇಷ್ಮೆ ವ್ಯಾಪಾರಿ, ದೂರದಿಂದ ನಮಗೆ ಸಂಬಂಧ. ನಾನು ಮಾವ ಎಂದು ಕರೆಯುತ್ತಿದ್ದೆ. ಅಪ್ಪನ ಕೊರಳಿಗೆ ಹಾಕಿದ ಹಾರ ಇನ್ನೂ ಒದ್ದೆಯಾಗಿತ್ತು. ಸಿದ್ದಮಲ್ಲಪ್ಪ ಎರಡು ಸಾವಿರ ಎಣಿಸಿ ಮೇಜಿನ ಮೇಲಿಟ್ಟರು.

"ಆರ್ನೂರ್ ರೂಪಾಯ್ ಲಾಭ ಕಣ್ಲಾ ಕೆಂಪನಂಜ, ಯಾಕ್ ಮಕ ಹಂಗ್ ಮಾಡ್ಕಂಡೀಯೆ? ಇನ್ನೊಂದ್ ಮಾಡು. ಅದ್ನೂ ತಕಂಡ್ ಓಯ್ತೀನಿ."

ಸುತ್ತ ನಿಂತಿದ್ದವರು ನಕ್ಕರು. ಯಾರು ಯಾರು ನಕ್ಕರೆಂದು ನಾನು ನೋಡಿಟ್ಟುಕೊಂಡೆ.

ಅಪ್ಪ ಇನ್ನೊಂದು ಮಾಡಲಿಲ್ಲ. ಒಂದು ದಿನ ಕಾರು ನೋಡಿ ಬರಲೆಂದು ಸಿದ್ದಮಲ್ಲಪ್ಪನವರ ಶೆಡ್ಡಿಗೆ ಹೋದಾಗ, ಡ್ರೈವರ್ ಪುಟ್ಟಸಿದ್ದಯ್ಯ ಗೇಟಿನಲ್ಲೇ ತಡೆದು "ಅಲ್ಲಿಂದ್ಲೇ ನೋಡ್ಕಳಿ, ಮುಟ್ಬ್ಯಾಡ ಅಂದವ್ರೆ" ಎಂದನಂತೆ. ಅಪ್ಪ ಅದನ್ನು ನನಗೆ ಹೇಳಿದ್ದು ತಿಂಗಳಾದ ಮೇಲೆ, ಯಾರದೋ ಸುದ್ದಿ ಹೇಳುವಂತೆ. ಆಮೇಲೆ ಅರ ಹಿಡಿಯುವುದನ್ನೇ ಬಿಟ್ಟರು. ಬಂದ ಗಾಡಿಗೆ ಎಣ್ಣೆ ಹಾಕಿ, ಬೋಲ್ಟು ಬಿಗಿದು ಕಳಿಸುತ್ತಿದ್ದರು, ಅಷ್ಟೆ. ಆ ಎರಡು ಸಾವಿರವನ್ನು ಮುಟ್ಟಲೂ ಇಲ್ಲ. ನಾನು ಅದನ್ನು ನನ್ನ ಟ್ರಂಕಿನಲ್ಲಿ ಬಿ.ಎ. ಸರ್ಟಿಫಿಕೇಟಿನ ಕೆಳಗೆ ಇಟ್ಟೆ.

ಮರುವರ್ಷ ಅದೇ ಕಾರಿನಲ್ಲಿ ಸಿದ್ದಮಲ್ಲಪ್ಪ ಗೆದ್ದರು. ಒಂಬತ್ತನೆಯ ನಿಯಮ ಓದಿದಾಗ ಒಬ್ಬರೂ ಬಾಯಿ ತೆರೆಯಲಿಲ್ಲ. ಓಡಿದವರಲ್ಲಿ ಅವರಿಗೆ ರೇಷ್ಮೆಗೂಡು ಮಾರದವನು ಒಬ್ಬನೂ ಇರಲಿಲ್ಲ. ನನ್ನ ಹತ್ತಿರ ಹಣವಿತ್ತು, ಓಟ ಮುಗಿಸಿದ ಕಾರಿರಲಿಲ್ಲ. ಆ ಸಂಜೆ ಮನೆಗೆ ನಡೆದು ಬರುವಾಗಲೇ ಎಲ್ಲ ತೀರ್ಮಾನವಾಗಿತ್ತು. ಮುಂದಿನ ವರ್ಷ ಓಟ ಮುಗಿಸುವ ಒಂದು ಕಾರು ಬೇಕು. ಅದು ಗೆಲ್ಲಬಾರದು, ಗೆದ್ದರೆ ಅದನ್ನೂ ಕೊಂಡೊಯ್ಯುತ್ತಾರೆ. ಅವರೇ ಗೆಲ್ಲಬೇಕು. ಗೆಲ್ಲುವ ಆ ಕಾರಿಗೆ ಅವರು ತಮ್ಮ ಕೈ ಸುಟ್ಟುಕೊಳ್ಳುವಷ್ಟು ಹಣ ಹಾಕಿರಬೇಕು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ಉಳಿಸಿದ ಸಂಬಳದಲ್ಲಿ ಯಳಂದೂರಿನ ಡಾಕ್ಟರೊಬ್ಬರ ಹಳೆಯ ಆಸ್ಟಿನ್ ಕಾರನ್ನು ಆರುನೂರೈವತ್ತಕ್ಕೆ ಕೊಂಡೆ. ಓಡಿಸಲು ಕೇತಯ್ಯ ಒಪ್ಪಿದ. ಬಿಳಿಗಿರಿರಂಗನ ಬೆಟ್ಟದ ಸೋಲಿಗರವನು. ಹತ್ತು ವರ್ಷ ಮರ ತುಂಬಿದ ಲಾರಿ ಇಳಿಸಿದವನಿಗೆ ಇಳಿಜಾರೆಂದರೆ ಅಂಗಳ. ಕೈಯಲ್ಲಿ ಇನ್ನು ನಾನೂರು ರೂಪಾಯಿ ಇತ್ತು.

"ದೊಡ್ಡ ಕಾರ್ಬ್ಯುರೇಟರ್ ಆಕ್ಸಕ್ಕ, ಮೊಲದಂಗ್ ಓಡ್ತದೆ" ಎಂದ ಕೇತಯ್ಯ.

"ಟೈರು, ಬ್ರೇಕು, ಹಿಂದಿನ ಸ್ಪ್ರಿಂಗ್ ಪಟ್ಟಿ. ಅಷ್ಟೆ."

"ಅಜ್ಜೀನ್ ಕೂರಿಸ್ಕಂಡ್ ಆಸ್ಪತ್ರೆಗ್ ಓಗಕ್ಕಾ?"

"ಹೌದು. ಅಜ್ಜಿ ಬದುಕಿ ವಾಪಸ್ ಬರ್ಬೇಕು."

ಅಪ್ಪ ಮೊದಮೊದಲು ಆ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಮಧ್ಯಾಹ್ನ ಕೇತಯ್ಯ ವಾಲ್ವು ಮಸೆಯುವುದನ್ನು ಬಹಳ ಹೊತ್ತು ಕೇಳಿಸಿಕೊಂಡು ಕುಳಿತಿದ್ದವರು ತಟ್ಟನೆ ಎದ್ದು ಬಂದರು. "ತತ್ತಾ ಇಲ್ಲಿ. ರಾಗಿ ಬೀಸ್ತಿದ್ದೀಯೇನ್ಲಾ?" ಎಂದು ಕಿತ್ತುಕೊಂಡರು. ಮಸೆಯುತ್ತಲೇ ನನಗೆ ಹೇಳಿದರು: "ಚೆಂದಾಗ್ ಓಡುದ್ರೆ ಇದ್ನೂ ತಕಂಡ್ ಓಯ್ತಾನೆ ಕಣವ್ವ."

"ಓಡೋದು ಬ್ಯಾಡಪ್ಪ. ತಲುಪಿದ್ರೆ ಸಾಕು."

ಅವರು ನನ್ನನ್ನು ನೋಡಿದರು. ಯಾಕೆಂದು ಕೇಳಲಿಲ್ಲ. ನನಗೆ ಯಾರ ಹತ್ತಿರವೂ ಹೇಳುವ ಧೈರ್ಯವಿರಲಿಲ್ಲ. ಹೇಳಿದ ಮಾತು ಈ ಊರಿನಲ್ಲಿ ಬಸ್ಸಿಗಿಂತ ಬೇಗ ಹೋಗುತ್ತದೆ.

ಹೋಗಲೆಂದೇ ಹೇಳಿದ ಮಾತುಗಳೂ ಇದ್ದವು. ಗುರುಬಸಮ್ಮನವರ ಕಿವಿಗೆ ಬೀಳುವಂತೆ, ನಮ್ಮ ಕಾರಿಗೆ ಬೆಂಗಳೂರಿನಿಂದ ಪಿಸ್ಟನ್ ಬರುತ್ತಿದೆ ಎಂದೆ. ಬರುತ್ತಿರಲಿಲ್ಲ. ಹದಿನೈದು ದಿನಕ್ಕೆ ಮದರಾಸಿನಿಂದ ಸಿದ್ದಮಲ್ಲಪ್ಪನವರ ಹೆಸರಿಗೆ ಒಂದು ಮರದ ಪೆಟ್ಟಿಗೆ ಬಂತು. ನಮ್ಮ ಶಾಲೆಯ ಕಿಟಕಿ ಬಸ್ ಸ್ಟ್ಯಾಂಡಿನ ಎದುರೇ ಇತ್ತು. ಅಪ್ಪ ಹೊಸ ಹೆಡ್ಡು ಮಾಡುತ್ತಿದ್ದಾರೆ ಎಂದೆ. ಇನ್ನೊಂದು ಪೆಟ್ಟಿಗೆ ಬಂತು, ಇಬ್ಬರು ಹೊತ್ತು ಇಳಿಸಿದರು. ಪೆಟ್ಟಿಗೆಯಲ್ಲಿ ಏನಿತ್ತೆಂದು ಮಾತ್ರ ಗೊತ್ತಾಗಲಿಲ್ಲ. ರೇಷ್ಮೆಯ ಯಂತ್ರದ ಸಾಮಾನಾಗಿದ್ದರೆ ನನ್ನ ಲೆಕ್ಕವೆಲ್ಲ ನೀರು. ನವರಾತ್ರಿಯವರೆಗೆ ತಿಳಿಯುವ ದಾರಿಯಿರಲಿಲ್ಲ.

ಆಯುಧಪೂಜೆಯ ದಿನ ಗುರುಬಸಮ್ಮ ಅರಿಶಿನ ಕುಂಕುಮಕ್ಕೆ ಕರೆದರು. ವರ್ಷವೆಲ್ಲ ಹೊರಗಿನವರಿಗೆ ಮುಚ್ಚಿರುವ ಶೆಡ್ಡಿನ ಬಾಗಿಲು ಅವತ್ತು ತೆರೆದಿತ್ತು. ಮೂರು ಬಸ್ಸಿಗೂ ಬಾಳೆಕಂಬ, ಚೆಂಡುಹೂವು. ಅಪ್ಪನ ಕಾರಿಗೆ ಹಸಿರು ಬಣ್ಣ ಬಳಿದಿದ್ದರು. ಅದರ ಮುಂದೆ ಹಲಗೆ ಹಾಸಿ, ಸ್ಪ್ಯಾನರು, ಜಾಕಿ, ಸುತ್ತಿಗೆಗಳ ಜೊತೆಗೆ ಹೊಸ ಸಾಮಾನನ್ನೂ ಸಾಲಾಗಿ ಇಟ್ಟಿದ್ದರು. ಕಾರ್ಬ್ಯುರೇಟರ್ ಎರಡು. ಅಲ್ಯೂಮಿನಿಯಮ್ ಹೆಡ್ಡು ಎರಡು. ಪಿಸ್ಟನ್ ಎಂಟು. ಒಂದೊಂದಕ್ಕೂ ಮೂರು ಎಳೆ ವಿಭೂತಿ, ನಡುವೆ ಕುಂಕುಮ.

ಸಿದ್ದಮಲ್ಲಪ್ಪ ಸಂಘಕ್ಕೆ ಸುಳ್ಳು ಬಿಲ್ಲು ಕೊಡಬಲ್ಲವರು. ಆದರೆ ಪೂಜೆಯಾಗದ ಸಾಮಾನನ್ನು ಗಾಡಿಗೆ ಹಾಕುವ ಧೈರ್ಯ ಅವರಿಗಿರಲಿಲ್ಲ, ದಾರಿಯಲ್ಲಿ ಕೈಕೊಟ್ಟೀತು. ಊರಿನ ಹೆಂಗಸರು ಹೆಡ್ಡು ಯಾವುದು, ಒರಳು ಯಾವುದು ಎಂದು ಏನು ಬಲ್ಲರು? ನಾನು ಕಣ್ಣುಮುಚ್ಚಿ ಕೈಮುಗಿದೆ, ಕಣ್ಣು ತೆರೆದು ಎಣಿಸಿದೆ. ಅಪ್ಪನ ಬೆಲೆಪಟ್ಟಿಗಳನ್ನೆಲ್ಲ ಓದಿ ಹೇಳುತ್ತಿದ್ದವಳು ನಾನೇ. ಹಲಗೆಯ ಮೇಲಿದ್ದುದು ಕಡಿಮೆಯೆಂದರೂ ಎರಡು ಸಾವಿರದ ಇನ್ನೂರರ ಸಾಮಾನು. ಕಾರಿನ ಬೆಲೆ ಬೇರೆ.

ಕಡ್ಲೆಪುರಿ ಈಸಿಕೊಂಡು ಹಿತ್ತಿಲ ಕಡೆಯಿಂದ ಹೊರಟೆ. ಕೊಟ್ಟಿಗೆಯಲ್ಲಿ ಎಮ್ಮೆಯ ಕಲಗಚ್ಚಿನ ಬಾನಿ ಅಲುಗಾಡದಂತೆ ಅದರ ಕೆಳಗೆ ಎರಡು ಕಬ್ಬಿಣದ ತುಂಡು ಕೊಟ್ಟಿದ್ದರು. ಅಪ್ಪನ ಹೆಡ್ಡುಗಳು. ಮೂರು ವರ್ಷ ಕನ್ನಡಿಯಂತೆ ಉಜ್ಜಿದ ಮುಖಕ್ಕೆ ಸಗಣಿ ಮೆತ್ತಿತ್ತು. ಅಲ್ಲಿಯವರೆಗೆ ನನ್ನಲ್ಲಿ ಸ್ವಲ್ಪ ಅಳುಕಿತ್ತು, ಉಂಡ ಮನೆಯವರಿಗೆ ಹೀಗೆ ಮಾಡಬಹುದೇ ಎಂದು. ಅದು ಆ ಕೊಟ್ಟಿಗೆಯಲ್ಲೇ ಉಳಿಯಿತು.

ಸಂಘದ ಬೋರ್ಡಿಗೆ ಬಿಲ್ಲು ಹಚ್ಚಿದಾಗ ಸಿದ್ದಮಲ್ಲಪ್ಪನವರದು ಹತ್ತೊಂಬತ್ತುನೂರ ಅರವತ್ತು. ಒಂಬತ್ತನೆಯ ನಿಯಮದಲ್ಲಿ ಕೊಂಡ ಕಾರಿಗೆ ಮೊದಲ ಬಿಲ್ಲಿನ ಬೆಲೆಯೇ ಲೆಕ್ಕ, ಹದಿನಾಲ್ಕು ನೂರು; ಉಳಿದದ್ದು ಟೈರು, ಬಣ್ಣ. ಹಲಗೆಯ ಮೇಲೆ ದೇವರು ಕಂಡ ಸಾಮಾನು ಒಂದೂ ಅದರಲ್ಲಿರಲಿಲ್ಲ. ನನ್ನದು ಸಾವಿರದ ನಲವತ್ತು.

"ಏನ್ ಟೀಚರಮ್ಮಾ, ಕಾರ್ಗೆ ಅ ಆ ಇ ಈ ಕಲ್ಸಿದ್ದೀಯಾ?" ಎಂದರು ಸಿದ್ದಮಲ್ಲಪ್ಪ.

"ಎಣಿಸೋದು ಕಲ್ಸಿದ್ದೀನಿ ಮಾವ."

ಓಟದ ದಿನ ಕಾರುಗಳು ಒಟ್ಟು ಏಳು. ನಾನು ನಮ್ಮ ಗ್ಯಾರೇಜಿನ ಮುಂದೆ ಗಡಿಯಾರ ಹಿಡಿದು ಕುಳಿತೆ. ಪ್ರತಿ ಸುತ್ತಿನಲ್ಲೂ ಕಾರುಗಳು ಎರಡು ಸಲ ಅಲ್ಲಿ ಹಾದುಹೋಗುತ್ತಿದ್ದವು. ಸೀರೆಯ ಸೆರಗಿನ ಒಳಗೆ ಎರಡು ಸಾವಿರದ ಗಂಟು. ಅರ್ಧ ಗಂಟೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಹಸಿರು ಫೋರ್ಡು ಮೊದಲ ಸುತ್ತಿನಲ್ಲೇ ನಮಗಿಂತ ಆರು ನಿಮಿಷ ಮುಂದೆ ಹೋಯಿತು. ಅದರ ಸದ್ದೇ ಬೇರೆಯಾಗಿತ್ತು. ಅಪ್ಪ ಒಳಗಿನಿಂದಲೇ "ತಲೆ ಬದಲಾಯ್ಸವ್ರೆ" ಎಂದರು. ಅಪ್ಪನ ಬಾಯಲ್ಲಿ ಹೆಡ್ಡು ಎಂದರೆ ತಲೆ.

ಎರಡನೆಯ ಸುತ್ತಿನಲ್ಲಿ ಒಂದು ಕಾರು ಸುವರ್ಣಾವತಿ ಸೇತುವೆಯ ಹತ್ತಿರ ಎತ್ತಿನಗಾಡಿ ತಪ್ಪಿಸಲು ಹೋಗಿ ಗದ್ದೆಗಿಳಿಯಿತು. ಇನ್ನೊಂದು ಕಾಮಗೆರೆಯಲ್ಲಿ ಪಟ್ಟಿ ಮುರಿದು ನಿಂತಿತು. ಮೂರು ತೀರ ಹಿಂದೆ ಬಿದ್ದವು. ಬಿಸಿಲೇರಿದ ಹಾಗೆ ಓಡುತ್ತಿದ್ದುದು ಲೆಕ್ಕಕ್ಕೆ ಎರಡೇ: ಮುಂದೆ ಅವರದು, ಹದಿನೈದು ಇಪ್ಪತ್ತು ನಿಮಿಷ ಹಿಂದೆ ನಮ್ಮ ಅಜ್ಜಿ, ಆಸ್ಟಿನ್. ಎಲ್ಲವೂ ನಾನು ಬಯಸಿದ ಹಾಗೆಯೇ ನಡೆಯುತ್ತಿತ್ತು. ಅದೇ ಭಯ.

ಐದನೆಯ ಸುತ್ತಿನಲ್ಲಿ ಫೋರ್ಡು ಹನೂರಿನಿಂದ ತಿರುಗಿ ಬರುತ್ತ, ನಮ್ಮ ಗ್ಯಾರೇಜಿನ ಎದುರು ಕೆಮ್ಮಿತು, ಎರಡು ಸಲ ಮುಗ್ಗರಿಸಿತು, ನಿಂತಿತು. ಪುಟ್ಟಸಿದ್ದಯ್ಯ ಇಳಿದು ಟ್ಯಾಂಕಿಗೆ ಕಡ್ಡಿ ಬಿಟ್ಟು ನೋಡಿದ. ಕಡ್ಡಿ ಒಣಗಿತ್ತು. ಎರಡು ಕಾರ್ಬ್ಯುರೇಟರು ಎಷ್ಟು ಕುಡಿಯುತ್ತವೆಂದು ಅವರಿಗೆ ಗೊತ್ತಿರಲಿಲ್ಲ. ಕದ್ದು ಹಾಕಿಸಿದ ಸಾಮಾನನ್ನು ಹಗಲಲ್ಲಿ ನೂರು ಮೈಲಿ ಓಡಿಸಿ ನೋಡುವುದು ಹೇಗೆ?

ಸಂತೆಮಾಳದಿಂದ ಸಿದ್ದಮಲ್ಲಪ್ಪ ಪಂಚೆ ಎತ್ತಿಕೊಂಡು ಓಡಿಬಂದರು. "ಅದ್ನೆಂಟ್ ಗ್ಯಾಲನ್ ಎಲ್ಲಿಗ್ ಓಯ್ತಲಾ? ಕುಡ್ದ್ಯಾ?"

"ನಾನ್ಯಾಕ್ ಕುಡೀಲಿ ಸಾವ್ಕಾರ್ರೇ? ನಿಮ್ ಮದ್ರಾಸ್ನವ್ ಕುಡುದ್ವು."

"ಬಾಯ್ ಮುಚ್ಚು!" ಎಂದು ಅವರು ನನ್ನ ಕಡೆ ನೋಡಿದರು. ನಾನು ಗಡಿಯಾರ ನೋಡುತ್ತಿದ್ದೆ.

ಇನ್ನು ಹತ್ತು ನಿಮಿಷಕ್ಕೆ ಕೇತಯ್ಯ ಬರುತ್ತಾನೆ. ಯಳಂದೂರಿಗೆ ಹೋಗಿ ಬಂದರೆ ನಾವೇ ಗೆದ್ದೆವು. ಬೆಳ್ಳಿ ಕಪ್ಪು, ಹಾರ, ಅಪ್ಪನ ಹೆಸರು ಬೋರ್ಡಿನ ಮೇಲೆ. ಮೂರನೆಯವರಾಗಿಯೋ ನಾಲ್ಕನೆಯವರಾಗಿಯೋ ಸಿದ್ದಮಲ್ಲಪ್ಪ ಹಿಂದೆ ಬರುವವರಿಂದ ಪೆಟ್ರೋಲು ಈಸಿಕೊಂಡು ಹೇಗಾದರೂ ಓಟ ಮುಗಿಸಿ ಬಂದು ಎರಡು ಸಾವಿರ ಎಣಿಸುತ್ತಾರೆ. ಅಪ್ಪ ಮುಟ್ಟಿದ ವಾಲ್ವುಗಳೂ ಆ ಕೊಟ್ಟಿಗೆಗೆ ಹೋಗುತ್ತವೆ. ಅವರ ನಾಲ್ಕು ಸಾವಿರ ಅವರ ಹತ್ತಿರವೇ ಉಳಿಯುತ್ತದೆ. ಯೋಚಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಕೇತಯ್ಯ ಬಂದ. ನಿಂತ ಫೋರ್ಡು ನೋಡಿ, ಕಾರಿನೊಳಗಿನಿಂದಲೇ ಕೂಗಿದ: "ಗೆದ್ವಿ ಕಣಕ್ಕೋ!"

"ಇಳಿ ಕೇತಯ್ಯ. ನಮ್ಮ ಡಬ್ಬದಲ್ಲಿ ಎಷ್ಟಿದೆ?"

"ಮೂರ್ ಗ್ಯಾಲನ್. ಟ್ಯಾಂಕ್ನಲ್ಲೂ ಅದೆ."

"ಡಬ್ಬ ಅವರಿಗೆ ಕೊಡು."

ಅವನು ಕಿವಿ ಕೇಳದವನಂತೆ ನನ್ನನ್ನೇ ನೋಡಿದ. ನಾನು ಸಿದ್ದಮಲ್ಲಪ್ಪನವರಿಗೆ ಹೇಳಿದೆ: "ಆರನೆಯ ನಿಯಮ, ಮಾವ. ಕೊಳ್ಳುವಂತಿಲ್ಲ, ಸ್ಪರ್ಧಿ ಸ್ಪರ್ಧಿಗೆ ಕೊಡಬಹುದು. ಕೆಂಚಯ್ಯನವರನ್ನು ಕೇಳಿದ್ದೇನೆ. ತಗೊಳ್ಳಿ."

ಅವರ ಮುಖದಲ್ಲಿ ಮೊದಲು ಅನುಮಾನ ಕಂಡಿತು. ಆಮೇಲೆ, ಬಸ್ಸಿನ ಒಡೆಯರಿಗೆ ಊರವರು ಮಣಿಯುವುದು ಸಹಜವೇ ತಾನೆ ಎಂಬ ಭಾವ ಬಂದು ಅದನ್ನು ಮುಚ್ಚಿತು.

"ಕೆಂಪನಂಜ ಮಗಳ್ನ ಚೆಂದಾಗ್ ಬೆಳ್ಸವ್ನೆ" ಎಂದರು. "ಓದಿದ್ರೂ ದೊಡ್ಡೋರು ಚಿಕ್ಕೋರು ಅನ್ನದ್ ಗೊತ್ತದೆ."

ಮೂರು ಗ್ಯಾಲನ್ ಫೋರ್ಡಿನ ಹೊಟ್ಟೆಗೆ ಹೋಯಿತು. ಅದು ಧೂಳೆಬ್ಬಿಸಿ ಯಳಂದೂರಿನ ದಾರಿ ಹಿಡಿಯಿತು.

ಕೇತಯ್ಯ ಖಾಲಿ ಡಬ್ಬವನ್ನು ನೆಲಕ್ಕೆ ಕುಕ್ಕಿದ. "ಸಾವ್ಕಾರ್ಗ್ ಎದ್ರುಕಂಡ್ಯಾ? ಬೆಳಗ್ನಿಂದ ಬೆನ್ ಮುರ್ಕಂಡಿದ್ದು ಇದ್ಕೇನಾ?"

ಅವನನ್ನು ಮತ್ತೆ ಕಾರು ಹತ್ತಿಸಿ, ನಾನು ಕಿಟಕಿಗೆ ಬಗ್ಗಿ, ವರ್ಷವಿಡೀ ಯಾರಿಗೂ ಹೇಳದ ಮಾತನ್ನು ಅವನಿಗೆ ಹೇಳಿದೆ. ನಾಲ್ಕೇ ವಾಕ್ಯ. ಅವನು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಭುಜ ಅಲುಗುವಂತೆ ನಕ್ಕ.

"ನಿಧಾನವಾಗಿ ಹೋಗು" ಎಂದೆ. "ಅವರು ಎಲ್ಲಾದರೂ ನಿಂತಿದ್ದರೆ ತಳ್ಳು. ಆದರೆ ನೀನು ಬಂದು ತಲುಪಲೇಬೇಕು."

ನಾನು ಸಂತೆಮಾಳಕ್ಕೆ ಹೋಗಿ ನಿಂತೆ. ನಾಲ್ಕೂವರೆಗೆ ಫೋರ್ಡು ಗೆರೆ ದಾಟಿತು. ಜನ ಕೂಗಿದರು. ನಾನು ಅದನ್ನು ನೋಡುತ್ತಿರಲಿಲ್ಲ, ಅದರ ಹಿಂದಿನ ರಸ್ತೆಯನ್ನು ನೋಡುತ್ತಿದ್ದೆ. ಹತ್ತು ನಿಮಿಷ. ಇಪ್ಪತ್ತು. ಟೈರು ಹೋಯಿತೋ, ಚೌಕಿಯಲ್ಲಿ ಯಾರಾದರೂ ತಡೆದರೋ. ಇಪ್ಪತ್ತಾರನೆಯ ನಿಮಿಷಕ್ಕೆ ನಮ್ಮ ಅಜ್ಜಿ ಒಂದು ಮಡ್‌ಗಾರ್ಡು ಜೋತಾಡಿಸಿಕೊಂಡು ಬಂದಳು.

ಕೆಂಚಯ್ಯನವರು ಬಿಲ್ಲುಗಳನ್ನು ಓದಿದರು. ಕಪ್ ಕೊಟ್ಟರು. ಒಂಬತ್ತನೆಯ ನಿಯಮ ಓದಿ, ರೂಢಿಯಂತೆ, "ಯಾರಾದರೂ ಇದ್ದೀರಾ?" ಎಂದು ಹಾಳೆ ಮಡಿಸತೊಡಗಿದರು.

"ಇದ್ದೇನೆ" ಎಂದೆ.

ಮೇಜಿನವರೆಗೆ ನಡೆದು ಗಂಟು ಬಿಚ್ಚಿದೆ. ಸಿದ್ದಮಲ್ಲಪ್ಪ ನಗುತ್ತಲೇ ಇದ್ದರು. ನೋಟು ಎಣಿಸುವುದು ಮುಗಿಯುವವರೆಗೂ ನಗು ಮುಖದ ಮೇಲೆ ಹಾಗೇ ನಿಂತಿತ್ತು.

"ತಮಾಸೆ ಸಾಕು ಕೂಸೆ."

"ಎರಡು ಸಾವಿರ ಸರಿಯಾಗಿದೆ" ಎಂದರು ಕೆಂಚಯ್ಯ.

"ಸರಿ, ಆಯ್ತು. ನಾಳಿಕ್ ಬೆಳಗ್ಗೆ ತೊಳ್ಸಿ ಕಳಿಸ್ತೀನಿ."

"ಗೆರೆ ದಾಟಿ ನಿಂತ ಸ್ಥಿತಿಯಲ್ಲೇ, ಮಾವ. ಈಗಲೇ. ತೊಳೆಯುವುದು ಬೇಡ." ನನ್ನ ದನಿ ತರಗತಿಯಲ್ಲಿ ಬರುವಂತೆ ಗಟ್ಟಿಯಾಗಿ ಬಂತು. "ಬಿಲ್ಲಿನಲ್ಲಿ ಇಲ್ಲದ್ದು ಒಳಗೇನಾದರೂ ಇದ್ದರೆ ಇಲ್ಲೇ ಹೇಳಿಬಿಡಿ. ಕಾರು ನಿಮ್ಮದೇ, ನಾನು ಹಣ ತೆಗೆದುಕೊಂಡು ಹೋಗುತ್ತೇನೆ. ಹೆಡ್ಡು, ಪಿಸ್ಟನ್ನು, ಏನಾದರೂ?"

ಅವರ ಪಕ್ಕದಲ್ಲಿದ್ದ ಗುರುಬಸಮ್ಮನವರಿಗೆ ಗಂಡನಿಗಿಂತ ಮೊದಲೇ ಅರ್ಥವಾಯಿತು.

"ದೇವ್ರ ಮುಂದ್ ಮಡಗಿದ್ನ ಎಣ್ಸ್ಕಂಡ್ ಓದ್ಯಲ್ಲವ್ವಾ. ನನ್ ಕೈಲಿ ಕುಂಕುಮ ಇಕ್ಕುಸ್ಕಂಡು."

ನಾನು ನೋಟುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟೆ. ಆ ಒಂದು ಮಾತು ಇಂದಿಗೂ ನನಗೆ ಚುಚ್ಚುತ್ತದೆ. ಬೇರೆ ಯಾವುದೂ ಇಲ್ಲ.

ಸಿದ್ದಮಲ್ಲಪ್ಪ ಜನರ ಕಡೆ ನೋಡಿದರು. ಗೂಡು ಮಾರುವವರು, ಬಸ್ಸು ಹತ್ತುವವರು, ಚೌಕಿಯ ಪೊಲೀಸರು. ಸುಳ್ಳು ಬಿಲ್ಲು ಕೊಟ್ಟೆ ಎಂದು ಇವರೆದುರು ಒಪ್ಪಿದರೆ, ನಾಳೆ ಗೂಡಿನ ತೂಕವನ್ನು ನಂಬುವವರು ಯಾರು? ಅವರು ಕಪ್ಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುವುದನ್ನು ನಾನು ನೋಡುತ್ತ ನಿಂತೆ. ಎರಡು ವರ್ಷ ಕಾದದ್ದು ಅದನ್ನು ಹತ್ತಿರದಿಂದ ನೋಡುವುದಕ್ಕೇ.

"ಏನೂ ಇಲ್ಲ" ಎಂದರು. "ಬಿಲ್ನ್ಯಾಗ್ ಇದ್ದಷ್ಟೇ."

"ಹಾಗಾದರೆ ನಲವತ್ತು ರೂಪಾಯಿ ಲಾಭ, ಮಾವ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಈ ಸಲ ಯಾರೆಂದು ನೋಡುವ ಅಗತ್ಯ ನನಗಿರಲಿಲ್ಲ. ಕೀಲಿ ಕೊಡುವಾಗ ಅವರು ಅದನ್ನು ನನ್ನ ಕೈಗಿಡಲಿಲ್ಲ, ಮೇಜಿನ ಮೇಲೆ ಎಸೆದರು. ನಾನು ಎತ್ತಿಕೊಂಡೆ.

ಓಟಕ್ಕಾಗಿ ಅವತ್ತು ಅವರ ಬಸ್ಸುಗಳನ್ನೂ ನಿಲ್ಲಿಸಿದ್ದರು. ಗಂಡ ಹೆಂಡತಿ ಕಾಲ್ನಡಿಗೆಯಲ್ಲೇ ಹೊರಟರು, ಹೆಂಡತಿ ಹತ್ತು ಹೆಜ್ಜೆ ಮುಂದೆ, ಅವರು ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ. ಕೇತಯ್ಯ ಫೋರ್ಡು ಚಾಲೂ ಮಾಡಿದ. ನಮ್ಮ ಗ್ಯಾರೇಜಿಗೆ ಅಡ್ಡದಾರಿಯೂ ಇತ್ತು. ದೊಡ್ಡ ರಸ್ತೆಯಲ್ಲೇ ಹೋಗು ಎಂದೆ. ಸಂತೆಬೀದಿಯ ತಿರುವಿನಲ್ಲಿ ಸಿದ್ದಮಲ್ಲಪ್ಪ ರಸ್ತೆಯ ನಡುವೆ ನಡೆಯುತ್ತಿದ್ದುದು ಕಂಡಿತು.

"ಆರನ್ ವಡೀಲಾ ಅಕ್ಕ?"

"ಹೊಡಿ."

ಅವರು ತಿರುಗಿ ನೋಡಲಿಲ್ಲ. ಚರಂಡಿಯ ಅಂಚಿಗೆ ಸರಿದು, ಗೋಡೆಯ ಕಡೆ ಮುಖ ಮಾಡಿ, ನಾವು ದಾಟುವವರೆಗೂ ನಿಂತರು.